ಕಾಂಪೌಂಡಿನೊಳಗಿನ ಬೃಂದಾವನ

ಮನೆ ಕಟ್ಟಿ ಕೈ ಬರಿದು ಮಾಡಿಕೊಂಡವನಿಗೆ ಉಳಿಯುವುದು ಎರಡೇ: ಬ್ಯಾಂಕಿನ ಸಾಲ, ಮತ್ತು ಗೋಡೆಗೂ ಕಾಂಪೌಂಡಿಗೂ ನಡುವಿನ ಒಂದಿಷ್ಟು ಜಾಗ. ಸಾಲದ ಬಗ್ಗೆ ಯಾರೂ ಸಲಹೆ ಕೊಡುವುದಿಲ್ಲ. ಜಾಗದ ಬಗ್ಗೆ ಕೊಡದವರಿಲ್ಲ. ಬೆಂಗಳೂರಿನಲ್ಲಿ 30-40ರ ನಿವೇಶನದಲ್ಲಿ ಮನೆ ಮುಗಿಸಿದ ನಮ್ಮ ನಾಗಣ್ಣನಿಗೆ ಮುಂದೆ 12 ಅಡಿ, ಪಕ್ಕದಲ್ಲಿ 3 ಅಡಿ ಉಳಿದಿತ್ತು. ಅಷ್ಟರಲ್ಲಿ ಅವನಿಗೆ ಬೇಕಾಗಿದ್ದದ್ದು ಹುಲ್ಲುಹಾಸು, ಕಾರಂಜಿ, ಹಳದಿ ಬಿದಿರಿನ ಮೆಳೆ, ಬಿಳಿ ಕಲ್ಲಿನ ಹಾದಿ, ಕಾಂಪೌಂಡಿನ ಉದ್ದಕ್ಕೂ ಅಶೋಕ ಮರಗಳು, ಸಾಧ್ಯವಾದರೆ ಒಂದು ಉಯ್ಯಾಲೆ. ಅಣೆಕಟ್ಟೊಂದನ್ನು ಬಿಟ್ಟರೆ ಕೃಷ್ಣರಾಜಸಾಗರದ ಬೃಂದಾವನದಲ್ಲೂ ಇದಕ್ಕಿಂತ ಹೆಚ್ಚಿನದೇನಿಲ್ಲ.

ಭಾನುವಾರ ಸಭೆ ಸೇರಿತು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಕಟ್ಟಡದ ಗುತ್ತಿಗೆದಾರ ಬಸಣ್ಣ, ಎಲ್ಲವೂ ಈ ನೆಲದ್ದೇ ಆಗಬೇಕೆನ್ನುವ ಶ್ಯಾಮರಾಯರು, ನಾಗಣ್ಣನ ಹೆಂಡತಿ ಸಾವಿತ್ರಮ್ಮ. ಕಾಫಿಯ ಸಲುವಾಗಿ ನಾನು.

“ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದಾಗಿನಿಂದ ಇವರು ಹೀಗೆ” ಎಂದು ಸಾವಿತ್ರಮ್ಮ ರೋಗದ ಮೂಲವನ್ನು ತಿಳಿಸಿದರು.

“ಹೈದರಾಲಿ 1760ರಲ್ಲಿ ಶುರು ಮಾಡಿದ್ದು ನಾಗಣ್ಣ, ಈಗ ಅದು 240 ಎಕರೆ. ನಿನ್ನದು ಹಿತ್ತಲಿಲ್ಲದ ಮನೆ” ಎಂದರು ಮೇಷ್ಟ್ರು. “ಮೊದಲು ಹೇಳು, ಅಶೋಕ ಯಾಕೆ?”

“ಸೀತಾಮಾತೆ ಕುಳಿತ ಮರ. ಶುಭ.”

“ಕಾಂಪೌಂಡಿಗೆ ಒತ್ತಿ ಎಲ್ಲರೂ ನೆಡುವುದು ಕಂಬದಂಥ ಅಶೋಕ. ಅದು ಬೇರೆಯೇ ಮರ. ಅದರ ಬುಡದಲ್ಲಿ ಸೀತೆ ಕುಳಿತಿದ್ದರೆ ನೆರಳು ಸಿಗದೆ ಹನುಮಂತ ಬರುವಷ್ಟರಲ್ಲಿ ಬಿಸಿಲು ಬಡಿದಿರುತ್ತಿತ್ತು. ನಿಜವಾದ ಸೀತಾ ಅಶೋಕ ಕೊಂಬೆ ಹರಡುತ್ತದೆ, ಕಿತ್ತಳೆ, ಕೆಂಪು ಗೊಂಚಲು ಬಿಡುತ್ತದೆ. ಅದಕ್ಕೆ ನಿನ್ನ ಮೂರು ಅಡಿಯಲ್ಲಿ ಮೊಣಕೈ ಚಾಚಲೂ ಆಗದು.”

ಶ್ಯಾಮರಾಯರು ಗಂಟಲು ಸರಿಪಡಿಸಿಕೊಂಡರು. “ನಾನು ಹೇಳುವುದು ಇಷ್ಟೇ. ವಿದೇಶಿ ಗಿಡ ಒಂದೂ ಬೇಡ. ನಮ್ಮ ಮನೆಯಲ್ಲಿ ನೋಡಿ, ಚೆಂಡುಹೂ, ದೇವಕಣಗಿಲೆ, ಸೀಬೆ, ಪರಂಗಿ. ಎಲ್ಲ ಅಪ್ಪಟ.”

ಮೇಷ್ಟ್ರ ಮುಖದಲ್ಲಿ ಮೂವತ್ತು ವರ್ಷ ಮೌಖಿಕ ಪರೀಕ್ಷೆ ನಡೆಸಿದವರ ಕಳೆ ಮೂಡಿತು. “ಚೆಂಡುಹೂ ಮೆಕ್ಸಿಕೋದ್ದು, ರಾಯರೇ. ದೇವಕಣಗಿಲೆಯೂ ಅಮೆರಿಕ ಖಂಡದಿಂದಲೇ ಬಂದದ್ದು. ಸೀಬೆ, ಪರಂಗಿ ಎರಡರ ತವರೂ ಅಲ್ಲೇ.”

“ದೇವರಿಗೆ ಏರಿಸುವ ಹೂವು!”

“ದೇವರು ಪಾಸ್‌ಪೋರ್ಟ್ ಕೇಳಲಿಲ್ಲ.”

ರಾಯರು ಸ್ವಲ್ಪ ಹೊತ್ತು ತುಳಸಿಯ ಕಡೆಗೇ ನೋಡುತ್ತಾ ಕುಳಿತರು. ಅದನ್ನೂ ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಮೇಷ್ಟ್ರಿಗೇ ಕನಿಕರ ಬಂದು, “ತುಳಸಿ, ಪಾರಿಜಾತ, ಸಂಪಿಗೆ ನಮ್ಮವೇ” ಎಂದು ಸಮಾಧಾನ ಹೇಳಿದರು. “ಹೊರಗಿನದೆಲ್ಲ ಕೆಟ್ಟದ್ದೂ ಅಲ್ಲ. ಬೇಲಿ ಹಾರುವುದನ್ನು ಮಾತ್ರ ತರಬಾರದು. ಲಂಟಾನವನ್ನು ಚೆಂದದ ಹೂವೆಂದೇ ಬ್ರಿಟಿಷರ ಕಾಲದಲ್ಲಿ ತಂದರು. ಈಗ ಬಂಡೀಪುರದಲ್ಲಿ ಆನೆ ಮೇಯುವ ಜಾಗವನ್ನೆಲ್ಲ ಅದೇ ನುಂಗಿದೆ. ಮೊನ್ನೆ ಮೊನ್ನೆಯವರೆಗೆ ಎಲ್ಲರೂ ಮೆಚ್ಚುತ್ತಿದ್ದ ಕೊನೊಕಾರ್ಪಸ್ ಗಿಡವನ್ನು ಗುಜರಾತಿನಲ್ಲಿ 2023ರಲ್ಲಿ ನಿಷೇಧಿಸಬೇಕಾಯಿತು.”

ಬಸಣ್ಣನಿಗೆ ಗಿಡಗಳ ವಂಶಾವಳಿಯಲ್ಲಿ ಆಸಕ್ತಿ ಇರಲಿಲ್ಲ. “ಗಿಡವೇ ಬೇಡ ನಾಗಣ್ಣ. ಪೂರ್ತಿ ಕಾಂಕ್ರೀಟ್ ಹಾಕಿ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಜೋಡಿಸುತ್ತೇನೆ. ಬೇಕಿದ್ದರೆ ಹಸಿರು ಬಣ್ಣದ್ದೇ ಹಾಕೋಣ. ನಾಲ್ಕು ಕುಂಡ ಇಟ್ಟರೆ ತೋಟ ಆಯಿತು.”

ಬಸಣ್ಣನ ಕೈಗೆ ಕೈಲಾಸವನ್ನು ಕೊಟ್ಟರೂ ಮೊದಲು ನೆಲಕ್ಕೆ ಕಾಂಕ್ರೀಟ್ ಸುರಿದು, ಆಮೇಲೆ ಶಿವನನ್ನು ಒಳಗೆ ಕರೆದಾನು. ಈ ಊರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸಾವಿರ ಚದರ ಅಡಿಯ ತಾರಸಿಯೊಂದರ ಮೇಲೆಯೇ 80 ಸಾವಿರ ಲೀಟರು. ಅಷ್ಟನ್ನೂ ರಸ್ತೆಗೆ ಅಟ್ಟಿ, ಫೆಬ್ರುವರಿಯಲ್ಲಿ ಟ್ಯಾಂಕರಿನವನಿಗೆ ಫೋನು ಹಚ್ಚುವ ಜಾಣತನ ನಮ್ಮದು. ಇದನ್ನು ನಾನು ಜೋರಾಗಿಯೇ ಹೇಳಿದೆ. ಕಾಫಿ ಎರಡನೇ ಸುತ್ತಿಗೆ ಬಂದಿತ್ತಾದ್ದರಿಂದ ಧೈರ್ಯವಿತ್ತು.

“ಹಾಗಾದರೆ ಚಪ್ಪಡಿ ಹಾಕೋಣ” ಎಂದು ಬಸಣ್ಣ ಇಳಿದು ಬಂದ. “ಸಾದರಹಳ್ಳಿ ಕಲ್ಲು. ಮಳೆಯಲ್ಲಿ ಜಾರಬಾರದೆಂದರೆ ಮೇಲ್ಮೈ ಒರಟಾಗಿರಲಿ. ಪಾಲಿಶ್ ಮಾಡಿದ್ದು ಮನೆಯೊಳಗೆ ಮಾತ್ರ ಚೆಂದ. ಕೆಳಗೆ ಜಲ್ಲಿ, ಅದರ ಮೇಲೆ ಮರಳು ಹಾಸಿ ಕೂರಿಸುತ್ತೇನೆ, ಸಿಮೆಂಟು ಬೇಡ. ಎರಡು ಕಲ್ಲಿನ ನಡುವೆ ನಾಲ್ಕು ಬೆರಳು ಬಿಟ್ಟರೆ ನೀರು ಇಂಗುತ್ತದೆ.” ಗುತ್ತಿಗೆದಾರರಿಗೆ ಎಲ್ಲವೂ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ, ಅಷ್ಟೇ.

“ಆ ನಾಲ್ಕು ಬೆರಳಲ್ಲಿ ಗರಿಕೆ ಹಾಕಿದರೆ ಗಣಪತಿ ಹಬ್ಬಕ್ಕೂ ಆಗುತ್ತದೆ” ಎಂದರು ಸಾವಿತ್ರಮ್ಮ.

“ಗರಿಕೆಯೇ? ನನಗೆ ಮೆಕ್ಸಿಕನ್ ಹುಲ್ಲು ಬೇಕು!” ನಾಗಣ್ಣ ಎದ್ದು ನಿಂತ. ಮೆಕ್ಸಿಕೋದ ಹೆಸರು ಮತ್ತೆ ಬಂದದ್ದಕ್ಕೆ ರಾಯರು ಕಣ್ಣು ಮುಚ್ಚಿಕೊಂಡರು.

ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಮುಂದಿನ ಜಾಗ 360 ಚದರ ಅಡಿ, ಅಂದರೆ ಸುಮಾರು 33 ಚದರ ಮೀಟರು. ಬೇಸಿಗೆಯಲ್ಲಿ ದಿನಕ್ಕೆ ಐದೇ ಮಿಲಿಮೀಟರು ನೀರು ಹಿಡಿದರೂ 165 ಲೀಟರು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ಎಂದು ಸರ್ಕಾರದ ಲೆಕ್ಕ. ನಿನ್ನ ಹುಲ್ಲು ನಿನಗಿಂತ ಹೆಚ್ಚು ಸ್ನಾನ ಮಾಡುತ್ತದೆ.”

“2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತಲ್ಲ” ಎಂದು ನಾನು ನೆನಪಿಸಿದೆ. “ಹುಲ್ಲಿಗೆ ಅಷ್ಟು ದಂಡ ತೆರುವ ಬದಲು ಒಂದು ಹಸು ಕಟ್ಟಬಹುದು.”

ಹುಲ್ಲು ಹೋಯಿತು. ನಾಗಣ್ಣ ಬಿಳಿ ಕಲ್ಲಿಗೆ ಜೋತುಬಿದ್ದ. ಗಿಡಗಳ ಬುಡಕ್ಕೆಲ್ಲ ಅಮೃತಶಿಲೆಯ ಬಿಳಿ ಚೂರು ಹರಡಿದರೆ ಹೋಟೆಲಿನ ಹಾಗೆ ಕಾಣುತ್ತದೆಯಂತೆ. ಹೋಟೆಲಿನಲ್ಲಿ ಅದನ್ನು ಆಯಲು ಸಂಬಳದ ಆಳುಗಳಿರುತ್ತಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮೊದಲ ತಿಂಗಳು ಬಿಳಿ, ಮಳೆಗಾಲ ಬಂದರೆ ಪಾಚಿ ಹಿಡಿದು ಹಸಿರು, ಎಲೆ ಉದುರಿದರೆ ಗುಡಿಸಲಾಗದು, ಗುಡಿಸಿದರೆ ಕಲ್ಲೇ ಪೊರಕೆಯ ಜೊತೆ ಬರುತ್ತದೆ. ಮೇಷ್ಟ್ರು ಇನ್ನೊಂದು ಸೇರಿಸಿದರು: ಅಮೃತಶಿಲೆ ಎಂದರೆ ಸುಣ್ಣದ ಅಂಶ, ಅದು ಮಣ್ಣಿಗಿಳಿದರೆ ಕೇಪಳದಂಥ ಗಿಡದ ಎಲೆ ಹಳದಿಗೆ ತಿರುಗುತ್ತದೆ.

“ಬುಡಕ್ಕೆ ಒಣ ಎಲೆ ಹಾಕಿ, ತೆಂಗಿನ ನಾರು ಹಾಕಿ. ಪುಕ್ಕಟೆ.”

“ಪುಕ್ಕಟೆಯದು ಚೆಂದ ಕಾಣುವುದಿಲ್ಲ ಮೇಷ್ಟ್ರೇ.”

“ಅದು ನಿಜ” ಎಂದ ಬಸಣ್ಣ, ಮನಸಾರೆ.

ನಿಜವಾದ ಸಮಸ್ಯೆ ಮಣ್ಣಿನಲ್ಲಿತ್ತು. ಹೊಸ ಮನೆಯ ಸುತ್ತ ಮಣ್ಣೆಂದು ಕಾಣುವುದು ಮಣ್ಣಲ್ಲ. ಮೇಷ್ಟ್ರು ಒಂದು ಸಲಿಕೆ ತರಿಸಿ ಮೂಲೆಯಲ್ಲಿ ಅಗೆಸಿದರು. ಮೊದಲು ಟೈಲ್ಸ್ ಚೂರು, ಆಮೇಲೆ ಗಟ್ಟಿಯಾದ ಸಿಮೆಂಟು ಹೆಂಟೆ, ಗುಟ್ಕಾ ಪೊಟ್ಟಣಗಳು, ಒಂದು ಎಡಗಾಲಿನ ಚಪ್ಪಲಿ, ಕೊನೆಗೆ ಮೂರು ತಿಂಗಳಿಂದ ಕಾಣೆಯಾಗಿದ್ದ ಬಸಣ್ಣನ ಕರಣೆ. ಬಸಣ್ಣ ಅದನ್ನು ಒರೆಸಿ, ಕಳೆದುಹೋದ ಮಗನನ್ನು ಕಂಡವನಂತೆ ಎದೆಗೆ ಒತ್ತಿಕೊಂಡ.

“ಒಂದೂವರೆ ಅಡಿ ಇದನ್ನೆಲ್ಲ ತೆಗೆದು ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ತುಂಬಿಸು. ಗಿಡಕ್ಕೆ ಕೊಡುವ ದುಡ್ಡಿಗಿಂತ ಹೆಚ್ಚು ಇದಕ್ಕೇ ಕೊಡು” ಎಂದರು ಮೇಷ್ಟ್ರು. ಆ ದಿನ ಆಡಿದ ಮಾತುಗಳಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಅದೊಂದೇ ಎಂದು ನನ್ನ ಅಭಿಪ್ರಾಯ. ಸಿದ್ದಾಪುರದ ನರ್ಸರಿಗಳಲ್ಲಿ ಹೂವಿನ ಬಣ್ಣ ನೋಡಿ ಮರುಳಾಗುವವರು ಅದು ಯಾವ ಮಣ್ಣಿನಲ್ಲಿ ನಿಂತಿದೆ ಎಂದು ಬಗ್ಗಿ ನೋಡುವುದೇ ಇಲ್ಲ.

ಬಿದಿರಿಗೆ ಸಾವಿತ್ರಮ್ಮನೇ ಅಡ್ಡ ಬಂದರು. “ಪಕ್ಕದ ಮನೆಯವರ ಜೊತೆ ಈಗಷ್ಟೇ ಮಾತು ಶುರುವಾಗಿದೆ, ಬೇರು ಅವರ ಕಡೆ ನುಗ್ಗಿದರೆ ನಿಲ್ಲುತ್ತದೆ.” ನುಗ್ಗೆ ಎಂದ ರಾಯರಿಗೆ ಕಂಬಳಿಹುಳುವಿನ ನೆನಪು ಮಾಡಿಕೊಡಲಾಯಿತು. ಕಾರಂಜಿಯ ಪ್ರಸ್ತಾಪಕ್ಕೆ ಸೊಳ್ಳೆ ಉತ್ತರವಾಯಿತು. ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ತಿನ್ನುತ್ತದೆ ಎಂದು ಮೇಷ್ಟ್ರು ಹೇಳಿದಾಗ, ಮೀನಿಗೆ ಬೆಕ್ಕು ಬಂದರೆ ಏನು ಬಿಡಬೇಕು ಎಂದು ಸಾವಿತ್ರಮ್ಮ ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಒಮ್ಮತ ಮೂಡಿತು. ಬೆಳಿಗ್ಗೆ ಹೂ ಉದುರಿಸುವ ಪಾರಿಜಾತ ಮೂಲೆಗೆ. ಗೋಡೆಯುದ್ದಕ್ಕೆ ನಂದಿಬಟ್ಟಲು, ದಾಸವಾಳ. ಬಿಟ್ಟಲ್ಲಿ ಬೇರಿನಿಂದಲೇ ಮರಿ ಎಬ್ಬಿಸುವ ಕರಿಬೇವು ಸಿಮೆಂಟು ಬಳೆಯೊಳಗೆ. ನೀರು ಬಸಿಯುವ ಪಾತ್ರೆ ತೊಳೆಯುವ ಕಡೆಗೆ ಬಾಳೆ ಮತ್ತು ಕೆಸು. ನಡುವೆ ಸಾದರಹಳ್ಳಿ ಚಪ್ಪಡಿ, ಗರಿಕೆ. ಉಯ್ಯಾಲೆಯನ್ನು ನಾಗಣ್ಣನ ಮುಖ ನೋಡಲಾರದೆ ಉಳಿಸಿದೆವು. ಬಸಣ್ಣ ಟೇಪು ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎಲ್ಲವೂ ಕರಾರುವಾಕ್ಕಾಗಿ ಹಿಡಿಯಿತು ಎಂದು ಘೋಷಿಸಿದ. ಎಲ್ಲರಿಗೂ ಸಂತೋಷವಾಯಿತು. ರಾಯರು ಚಪ್ಪಾಳೆಯನ್ನೂ ತಟ್ಟಿದರು.

ಆಗ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ನಾಗಣ್ಣನ ಮಗ ಕಾರನ್ನು ಒಳಗೆ ತರಲು ಬಂದಿದ್ದ.

“ಬಸಣ್ಣ, ಹಸಿರು ಬಣ್ಣದ ಇಂಟರ್‌ಲಾಕ್ ಚದರ ಅಡಿಗೆ ಎಷ್ಟು ಅಂದೆ?” ಎಂದು ಕೇಳಿದ ನಾಗಣ್ಣ.