ತಟ್ಟೆ ಹಿಡಿದು ನಿಂತ ಅಮ್ಮ

ಓದುಗರ ಸ್ಪಂದನ

ಹುಬ್ಬಳ್ಳಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಬರೆದಿದ್ದರು: "ನನಗೆ ನಲವತ್ತಾರು ವರ್ಷ. ಧಾರವಾಡದ ಹವ್ಯಾಸಿ ತಂಡಗಳಲ್ಲಿ ಇಪ್ಪತ್ತು ವರ್ಷ ನಾಟಕ ಆಡಿದವಳು. ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ಚಿತ್ರೀಕರಣವಾಗುವ ಹಾಸ್ಯ ಧಾರಾವಾಹಿಯೊಂದರಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದೇನೆ. ಶುರುವಿನಲ್ಲಿ ಆ ತಾಯಿ ಹೊಲಿಗೆ ಅಂಗಡಿ ನಡೆಸುತ್ತಿದ್ದಳು, ಗಂಡನೊಂದಿಗೆ ಜಗಳವಾಡಿ ಗೆಲ್ಲುತ್ತಿದ್ದಳು. ಈಗ ಅಂಗಡಿಯ ಸುದ್ದಿಯೇ ಇಲ್ಲ. ಚಹಾದ ತಟ್ಟೆ ಹಿಡಿದು ಬರುತ್ತೇನೆ, ಹೋಗುತ್ತೇನೆ. ತಿಂಗಳಿಗೆ ಹದಿನೈದು ದಿನವಿದ್ದ ಕೆಲಸ ಆರೇಳು ದಿನಕ್ಕೆ ಇಳಿದಿದೆ. ಬೇರೆ ವಾಹಿನಿಯಲ್ಲಿ ನಟಿಸುವಂತಿಲ್ಲ ಎಂಬ ಕರಾರು ಮಾತ್ರ ಹಾಗೆಯೇ ಇದೆ. ಬಿಡುತ್ತೇನೆ ಎಂದರೆ ಮನೆಯವರು 'ಬರುವ ಲಕ್ಷ್ಮಿಯನ್ನು ಒದೆಯುತ್ತೀಯಾ' ಎನ್ನುತ್ತಾರೆ. ಏನು ಮಾಡಲಿ?" ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಾನು ಗಣಿತ ಕಲಿಸುತ್ತಿದ್ದವಳು, ಎಣಿಸುವ ಚಟ ಬಿಟ್ಟಿಲ್ಲ. ನಿಮ್ಮ ಪತ್ರ ಓದಿದ ಮೇಲೆ, ದಿನವೂ ನೋಡುವ ಧಾರಾವಾಹಿಯ ಮುಂದೆ ಪೆನ್ಸಿಲ್ ಹಿಡಿದು ಕುಳಿತೆ. (ಅದು ನಿಮ್ಮದೋ ಬೇರೆಯವರದೋ ಗೊತ್ತಿಲ್ಲ, ಎಲ್ಲ ತಾಯಂದಿರೂ ಒಂದೇ ಬಣ್ಣದ ಸೀರೆ ಉಡುತ್ತಾರೆ.) ಐದು ಕಂತುಗಳಲ್ಲಿ ತಾಯಿ ಆಡಿದ್ದು ಹತ್ತೊಂಬತ್ತು ಮಾತು. ಆರು ಬಾರಿ "ಊಟಕ್ಕೆ ಬನ್ನಿ". ನಾಲ್ಕು ಬಾರಿ "ಏನಾಯಿತೋ?" ಮೂರು ಬಾರಿ ದೇವರ ಪಟದ ಕಡೆ ತಿರುಗಿ "ಅಯ್ಯೋ ದೇವರೇ". ಉಳಿದ ಆರು ಮಾತು ಯಾವುವೋ, ಬರೆದುಕೊಳ್ಳುವಷ್ಟರಲ್ಲಿ ಜಾಹೀರಾತು ಬಂತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲಿನವನೊಂದಿಗೇ ಹತ್ತೊಂಬತ್ತು ಮಾತು ಮುಗಿದುಹೋಗುತ್ತವೆ. ಬಿಟ್ಟುಬಿಡಿ.

– ನಿವೃತ್ತ ಶಿಕ್ಷಕಿ, ಸಾಧನಕೇರಿ, ಧಾರವಾಡ

*

ಇಂಗ್ಲಿಷ್ ಕಲಿಸುವ ನೆಪದಲ್ಲಿ ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ನೋಡಿದ್ದೇನೆ. ಆ ದೇಶದಲ್ಲಿ ನಿಮಗೆ ಅಕ್ಕಂದಿರಿದ್ದಾರೆ.

ಹಿರಿಯಕ್ಕ ಎಸ್ತರ್ ರೋಲ್. 'ಮಾಡ್' ಎಂಬ ಧಾರಾವಾಹಿಯಲ್ಲಿ ಮನೆಗೆಲಸದವಳಾಗಿದ್ದ ಅವರ ಪಾತ್ರಕ್ಕೆ 1974ರಲ್ಲಿ 'ಗುಡ್ ಟೈಮ್ಸ್' ಎಂಬ ಬೇರೆ ಧಾರಾವಾಹಿಯೇ ಸಿಕ್ಕಿತು. ಶಿಕಾಗೋದ ಬಡ ಕಪ್ಪು ಕುಟುಂಬವೊಂದರ ತಾಯಿ. ಮೊದಲು ಯೋಚಿಸಿದಾಗ ಆ ಮನೆಗೆ ಗಂಡಸೇ ಇರಲಿಲ್ಲ. ಕಪ್ಪು ಜನರ ಮನೆಯೆಂದರೆ ಅಪ್ಪನಿಲ್ಲದ ಮನೆ ಎಂದು ತೋರಿಸುವುದಕ್ಕೆ ನಾನು ಒಲ್ಲೆ ಎಂದು ಹಟ ಹಿಡಿದು, ರೋಲ್ ಗಂಡನ ಪಾತ್ರವನ್ನು ಬರೆಸಿಕೊಂಡರು. ಆದರೆ ಜನ ನಕ್ಕಿದ್ದು ಹಿರಿಯ ಮಗ ಜೆ.ಜೆ.ಯ ಕೋಡಂಗಿಯಾಟಕ್ಕೆ. ನಕ್ಕಷ್ಟೂ ಬರಹಗಾರರು ಅವನಿಗೇ ಬರೆದರು. ತಕರಾರು ತೆಗೆದ ಗಂಡನ ಪಾತ್ರಧಾರಿ ಜಾನ್ ಏಮಸ್ ಅವರನ್ನು 1976ರಲ್ಲಿ ಕೈಬಿಟ್ಟು, ಕಥೆಯೊಳಗೆ ಕಾರು ಅಪಘಾತದಲ್ಲಿ ಸಾಯಿಸಿದರು. ಮರುವರ್ಷ ರೋಲ್ ತಾವೇ ಎದ್ದು ಹೊರಟರು. ಅಪ್ಪನಿಲ್ಲದ ಮನೆ ಅಮ್ಮನಿಲ್ಲದ ಮನೆಯೂ ಆಯಿತು, ನೋಡುವವರು ಕಡಿಮೆಯಾದರು. 1978ರಲ್ಲಿ ಮತ್ತೆ ಕರೆದಾಗ ರೋಲ್ ಷರತ್ತು ಹಾಕಿ ಬಂದರು: ಆ ಹುಡುಗನಿಗೆ ಒಂದಿಷ್ಟು ಜವಾಬ್ದಾರಿ ಬರೆಯಿರಿ. ತಮ್ಮ ಮಾತುಗಳ ಲೆಕ್ಕ ಕೇಳುವುದಕ್ಕಿಂತ ಮೊದಲು ಮಗನ ನಡತೆಯ ಲೆಕ್ಕ ಕೇಳಿದ ಈಕೆಯ ಮೇಲೆ ನನಗೆ ಬಹಳ ಪ್ರೀತಿ.

ನಿಮ್ಮ ಕರಾರಿನ ಸಾಲು ಓದಿದಾಗ ನೆನಪಾದವರು ಮಾತ್ರ ಜಾನೆಟ್ ಹ್ಯೂಬರ್ಟ್. 1990ರಲ್ಲಿ ಶುರುವಾದ 'ದ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್' ಧಾರಾವಾಹಿಯ ಬಂಗಲೆಯ ತಾಯಿ. ಮೂರು ಸರಣಿಗಳು (ಸೀಸನ್‌ಗಳು) ಮುಗಿದ ಮೇಲೆ ಅವರ ಮುಂದೆ ಬಂದ ಹೊಸ ಕರಾರಿನಲ್ಲಿ ಹತ್ತು ವಾರಗಳ ಕೆಲಸ ಮಾತ್ರ ಇತ್ತು. ಬೇರೆ ಕಡೆ ದುಡಿಯುವಂತೆಯೂ ಇರಲಿಲ್ಲ. ಮನೆಯಲ್ಲಿ ಎಳೆಯ ಕೂಸು, ಗಂಡನಿಗೆ ಕೆಲಸವಿಲ್ಲ. ಅವರು ಒಪ್ಪಲಿಲ್ಲ. 1993ರಲ್ಲಿ ಅದೇ ಮನೆಗೆ, ಅದೇ ಹೆಸರಿನ ತಾಯಿಯಾಗಿ ಡ್ಯಾಫ್ನಿ ಮ್ಯಾಕ್ಸ್‌ವೆಲ್ ರೀಡ್ ಬಂದರು. ಹ್ಯೂಬರ್ಟ್ ಹಿಂದೆ ಉಳಿದದ್ದು "ಆಕೆಯೊಂದಿಗೆ ಕೆಲಸ ಮಾಡುವುದು ಕಷ್ಟ" ಎಂಬ ಮಾತು. ಹತ್ತು ವಾರದ ಕಥೆಯನ್ನು ಆ ಧಾರಾವಾಹಿಯ ನಾಯಕ ವಿಲ್ ಸ್ಮಿತ್ ಎದುರು ಕುಳಿತು ಅವರು ಹೇಳಿದ್ದು 2020ರಲ್ಲಿ! ಬಿಡುವುದಾದರೆ ಕಾರಣವನ್ನು ನಿಮ್ಮ ಬಾಯಿಂದ ನೀವೇ ಮೊದಲು ಹೇಳಿಬಿಡಿ. ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ.

'ಫ್ಯಾಮಿಲಿ ಮ್ಯಾಟರ್ಸ್' ಕಥೆ ಕೇಳಿದರೆ ನೀವು ನಗುತ್ತೀರಿ. ಬೇರೊಂದು ಧಾರಾವಾಹಿಯಲ್ಲಿ ಜೋ ಮೇರಿ ಪೇಟನ್ ಮಾಡಿದ್ದ ಲಿಫ್ಟ್ ನಡೆಸುವ ಹೆಂಗಸಿನ ಪಾತ್ರದಿಂದ ಹುಟ್ಟಿದ ಧಾರಾವಾಹಿ ಅದು, ತಾಯಿ ಅವರೇ. ಒಂದು ಕಂತಿಗೆಂದು ಬಂದ ಪಕ್ಕದ ಮನೆಯ ಹುಡುಗ ಅರ್ಕಲ್ ಇಡೀ ಮನೆಯನ್ನೇ ಆಕ್ರಮಿಸಿದ. ಆ ಮನೆಯ ಕಿರಿಯ ಮಗಳು ನಾಲ್ಕನೆಯ ಸರಣಿಯ ನಂತರ ಕಾಣಿಸಲೇ ಇಲ್ಲ, ಮಗಳೆಲ್ಲಿ ಎಂದು ಯಾರೂ ಕೇಳಲೂ ಇಲ್ಲ. ಪೇಟನ್ ಒಂಬತ್ತನೆಯ, ಅಂದರೆ ಕೊನೆಯ ಸರಣಿಯ ನಡುವೆ ಹೊರಟುಹೋದರು. ಅಷ್ಟು ಕಾಲ ತಡೆದುಕೊಂಡರಲ್ಲ!

ಯಾಕೆ ಹೀಗಾಗುತ್ತದೆ? ಹಾಸ್ಯದಲ್ಲಿ ನಗು ತಪ್ಪು ಮಾಡುವವರ ಪಾಲು. ಗಂಡ ತಪ್ಪು ಮಾಡುತ್ತಾನೆ, ಮಗ ಮಾಡುತ್ತಾನೆ, ಪಕ್ಕದ ಮನೆಯವನು ಮಾಡುತ್ತಾನೆ. ತಾಯಿಗೆ ಮಾತ್ರ ತಪ್ಪು ಮಾಡಲು ಬಿಡುವುದಿಲ್ಲ, ಆಕೆ ತಿದ್ದುವವಳು. ಆಕೆ ಚೆಂಡು ಎಸೆಯಬೇಕು, ಸಿಕ್ಸರ್ ಬೇರೆಯವರು ಬಾರಿಸಬೇಕು. ಹಾಗಾಗಿ ಪಾತ್ರವನ್ನು ದೊಡ್ಡದು ಮಾಡಿ ಎಂದು ಕೇಳಲು ಹೋಗಬೇಡಿ, ತಪ್ಪು ಮಾಡಲು ಬಿಡಿ ಎಂದು ಕೇಳಿ. ಆ ಹೊಲಿಗೆ ಅಂಗಡಿಯಲ್ಲಿ ಯಾರದೋ ಮದುವೆಯ ರವಿಕೆ ಕೆಡಲಿ. ಮದುವೆ ನಾಳೆ ಇರಲಿ. ಒಂದು ವಾರದ ಕಂತು ಅಲ್ಲೇ ಇದೆ.

ಲಕ್ಷ್ಮಿಯನ್ನು ಒದೆಯುವ ಮಾತಿಗೆ ಬಂದರೆ, ಪ್ಯಾಟ್ರಿಷಿಯಾ ರಿಚರ್ಡ್‌ಸನ್ 'ಹೋಮ್ ಇಂಪ್ರೂವ್‌ಮೆಂಟ್'ನಲ್ಲಿ ಎಂಟು ವರ್ಷ ತಾಯಿಯಾಗಿದ್ದು, ಒಂಬತ್ತನೆಯ ವರ್ಷಕ್ಕೆ 2.5 ಕೋಟಿ ಡಾಲರ್ ಕೊಡುತ್ತೇವೆಂದರೂ ಬೇಡ ಎಂದರು. 1999ರಲ್ಲಿ ಧಾರಾವಾಹಿಯೇ ಮುಗಿಯಿತು. ಅವರ ದೊಡ್ಡ ಕಾರಣ ಮನೆಯಲ್ಲಿ ಕಾಯುತ್ತಿದ್ದ ನಿಜವಾದ ಮಕ್ಕಳು. ನಿಮ್ಮ ಮನೆಯವರಿಗೆ ಈ ಅಂಕಿಯನ್ನು ಊಟದ ನಂತರ ಹೇಳಿ.

– ಕಾಲೇಜು ಉಪನ್ಯಾಸಕ, ಸಪ್ತಾಪುರ, ಧಾರವಾಡ

*

ತಿಂಗಳಿಗೆ ಆರು ದಿನ ಚಹಾದ ತಟ್ಟೆ ಹಿಡಿದು ನಿಂತರೆ ದುಡ್ಡು ಕೊಡುತ್ತಾರೆಂದರೆ ನನಗೂ ಆ ವಿಳಾಸ ಕಳುಹಿಸಿ. ದುರ್ಗದಬೈಲಿನಲ್ಲಿ ದಿನಕ್ಕೆ ಹನ್ನೆರಡು ತಾಸು ನಿಲ್ಲುತ್ತೇನೆ, ಯಾರೂ ಟಿವಿಯಲ್ಲಿ ತೋರಿಸಿಲ್ಲ. ಇರಿ ತಾಯಿ, ಬಿಡಬೇಡಿ.

– ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

*

ನನಗೀಗ ಎಪ್ಪತ್ತೊಂದು. ಕಂಪನಿ ನಾಟಕದಲ್ಲಿ ಇಪ್ಪತ್ತಾರಕ್ಕೇ ತಾಯಿಯಾದವಳು. ನಾಯಕಿಯ ಪಾತ್ರಕ್ಕೆ ಹೊಸ ಹುಡುಗಿ ಬಂದ ದಿನ ಮಾಲೀಕರು ನನ್ನ ಮುಂದೆ ಪೌಡರ್ ಡಬ್ಬಿ ಇಟ್ಟು "ಇನ್ನು ತಲೆಗೂ ಹಚ್ಚಿಕೋ" ಎಂದರು. ಅಷ್ಟೇ ಮಾತುಕತೆ. "ಅವ್ವಾ" ಎಂದು ನನ್ನ ಕಾಲಿಗೆ ಬೀಳುತ್ತಿದ್ದ ಮಗನಿಗೆ ನಲವತ್ತು ದಾಟಿತ್ತು. ಬೀಳುವಾಗ ಅವನ ಮೊಣಕಾಲು ಲಟಕ್ಕೆನ್ನುತ್ತಿದ್ದದ್ದು ಮುಂದಿನ ಸಾಲಿನವರಿಗೂ ಕೇಳುತ್ತಿತ್ತು. ಪಂಢರೀಬಾಯಿಯವರು 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರ ಜೋಡಿಯಾಗಿದ್ದು, ಮುಂದೆ ಅವರಿಗೇ ತಾಯಿಯಾದರು. ಅದರ ಮುಂದೆ ನನ್ನದೇನು ದೊಡ್ಡದು ಎಂದು ಸುಮ್ಮನಾದೆ.

ಬನಶಂಕರಿ ಜಾತ್ರೆಯಲ್ಲಿ ಒಂದು ಆಟ ಮುಗಿಯುವ ಮೊದಲೇ ಮುಂದಿನ ಆಟದ ಜನ ಟೆಂಟಿನ ಹೊರಗೆ ನಿಂತಿರುತ್ತಾರೆ. ಹಾಸ್ಯದ ಜೋಡಿಗೆ ಎರಡು ಸಲ ಒನ್ಸ್ ಮೋರ್ ಬಿದ್ದರೆ ಕತ್ತರಿ ಬೀಳುವುದು ತಾಯಿಯ ಮಾತಿಗೆ. ಮ್ಯಾನೇಜರ್ ಪರದೆಯ ಸಂದಿಯಲ್ಲಿ ನಿಂತು ಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತಿದ್ದರು, ಬೇಗ ಮುಗಿಸು ಎಂದು. ಎರಡು ಪುಟದ ಮಾತು ಎರಡು ಸಾಲಾಗುತ್ತಿತ್ತು. ಒಂದು ರಾತ್ರಿ ಸಿಟ್ಟು ಬಂದು ಆ ಎರಡು ಸಾಲನ್ನೂ ಆಡಲಿಲ್ಲ. ಮಗ ಕುಡಿದು ಬರುವ ದೃಶ್ಯ, ನಾನು ರೊಟ್ಟಿ ಬಡಿಯುತ್ತಾ ಕುಳಿತಿದ್ದೆ. ಅವನು ಬಂದ, ಬೈದ, ನಾನು ಬಡಿಯುತ್ತಲೇ ಇದ್ದೆ. ಅವನು ಪೆಟ್ಟಿಗೆಗೆ ಕೈ ಹಾಕಿದಾಗ ಬಡಿಯುವುದನ್ನು ನಿಲ್ಲಿಸಿದೆ. ಕೈ ಮೇಲೆಯೇ ಇತ್ತು. ಸಿಳ್ಳೆ ಹೊಡೆಯುತ್ತಿದ್ದ ಟೆಂಟಿನಲ್ಲಿ ಜನರೇಟರ್ ಸದ್ದು ಮಾತ್ರ ಉಳಿಯಿತು. ಸಂದಿಯಲ್ಲಿ ಮ್ಯಾನೇಜರ್ ಬೆರಳೂ ನಿಂತಿತ್ತು. ಮರುದಿನದಿಂದ ಆ ದೃಶ್ಯವನ್ನು ಯಾರೂ ಮುಟ್ಟಲಿಲ್ಲ.

ಆದರೆ ನಿಮ್ಮಲ್ಲಿ ಕ್ಯಾಮೆರಾ ಇದೆಯಲ್ಲ. ಅದು ಮುಖ ತಿರುಗಿಸಿದರೆ ರೊಟ್ಟಿ ಬಡಿದು ಏನು ಮಾಡುತ್ತೀರಿ? ಅದಕ್ಕೆ ನನ್ನ ಬಳಿ ಉತ್ತರವಿಲ್ಲ ಮಗಳೇ. ಬಿಡು ಎನ್ನುವ ಧೈರ್ಯವೂ ಇಲ್ಲ, ನಾನು ಬಿಟ್ಟವಳಲ್ಲ.

– ಹಿರಿಯ ಕಲಾವಿದೆ, ಬೆಟಗೇರಿ, ಗದಗ

*

ನಿಮ್ಮ ಹೊಲಿಗೆ ಅಂಗಡಿಯನ್ನು ಮುಚ್ಚಿಸುವಂಥವರಲ್ಲಿ ನಾನೂ ಒಬ್ಬನಾಗಿದ್ದೆ. ಬೆಂಗಳೂರಿನಲ್ಲಿ ಐದು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದು, ಈಗ ಊರಿನಲ್ಲಿ ಬೀಜದ ವ್ಯಾಪಾರ ಮಾಡಿಕೊಂಡಿದ್ದೇನೆ. ಅಂಗಡಿಯೆಂದರೆ ಇನ್ನೊಂದು ಜಾಗ, ಇನ್ನೊಂದು ಬಾಡಿಗೆ, ಗಿರಾಕಿಗಳಾಗಿ ಬರುವವರಿಗೆ ಸಂಭಾವನೆ. ಪಡಸಾಲೆಯಲ್ಲಾದರೆ ಒಮ್ಮೆ ದೀಪ ಹೊಂದಿಸಿ ದಿನವಿಡೀ ದೃಶ್ಯ ತೆಗೆಯಬಹುದು. ಗುರುವಾರ ಟಿಆರ್‌ಪಿ ಬರುತ್ತದೆ. ಸೊಸೆಯ ದೃಶ್ಯಕ್ಕೆ ಅಂಕ ಏರಿದ್ದರೆ ಶುಕ್ರವಾರಕ್ಕೆ ತಾಯಿಯ ಟ್ರ್ಯಾಕ್ ಮುಗಿಯಿತು. ಸಿಟ್ಟಿನಿಂದ ಯಾರೂ ಮಾಡುವುದಿಲ್ಲ. ನೆನಪೇ ಇರುವುದಿಲ್ಲ. ಒಮ್ಮೆ ತಾಯಿಯ ಪಾತ್ರವನ್ನು ಕಾಶಿಗೆ ಕಳುಹಿಸಿ ವಾಪಸ್ ಕರೆಸಲು ಮರೆತಿದ್ದೆ. ಆ ಕಲಾವಿದೆ ನಲವತ್ತು ದಿನ ಕಾದು, ತಾವೇ ಫೋನ್ ಮಾಡಿ "ಕಾಶಿಯಲ್ಲಿ ಚಳಿ ಹೆಚ್ಚಾಗಿದೆ, ಬರಲೇ?" ಎಂದರು. ಅವತ್ತು ನಕ್ಕೆ. ಅವರ ಮನೆಯ ಬಾಡಿಗೆ ನೆನಪಾಗಿದ್ದು ಬಹಳ ತಡವಾಗಿ.

ಬಿಡುವುದು, ಇರುವುದು ಆಮೇಲೆ. ಮೊದಲು ಕರಾರುಪತ್ರ ಹೊರಗೆ ತೆಗೆಯಿರಿ. ಬೇರೆಡೆ ನಟಿಸಬಾರದು ಎಂದು ಕಟ್ಟಿಹಾಕಿದ್ದಕ್ಕೆ ಪ್ರತಿಯಾಗಿ ತಿಂಗಳಿಗೆ ಕನಿಷ್ಠ ಇಷ್ಟು ದಿನದ ಕೆಲಸ, ಇಲ್ಲವೇ ಅಷ್ಟು ದಿನದ ಸಂಭಾವನೆ ಎಂದು ಬರೆದಿದೆಯೇ? ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು? ಕನಿಷ್ಠ ದಿನದ ಮಾತೇ ಇಲ್ಲದಿದ್ದರೆ ಪತ್ರ ಬರೆದು ಕೇಳಿ: ದಿನ ಕೊಡಿ, ಇಲ್ಲವೇ ಕಟ್ಟು ಬಿಚ್ಚಿ. ಸೆಟ್ಟಿನಲ್ಲಿ ನಿರ್ದೇಶಕರನ್ನು ಕೇಳಿ ಪ್ರಯೋಜನವಿಲ್ಲ. ಅವರು ಪಾಪ, ಬೆಳಿಗ್ಗೆ ಬಂದ ಹಾಳೆಗಳನ್ನು ಸಂಜೆಯೊಳಗೆ ಮುಗಿಸುವವರು. ಕಥೆ ನಿರ್ಧರಿಸುವವರನ್ನು ಹಿಡಿಯಿರಿ. ಮತ್ತು ಹಳೆಯ ಬಾಕಿ ಪೂರ್ತಿ ಕೈಗೆ ಬರುವವರೆಗೆ ಬಿಡುವ ಮಾತನ್ನು ಮೇಕಪ್ ಕೋಣೆಯಲ್ಲಿ ಕೂಡ ಆಡಬೇಡಿ. ಅಲ್ಲಿನ ಗೋಡೆಗಳಿಗೆ ವಾಹಿನಿಯ ಫೋನ್ ಸಂಖ್ಯೆ ಗೊತ್ತಿರುತ್ತದೆ.

– ಮಾಜಿ ಸಂಭಾಷಣೆಕಾರ, ರಾಣೆಬೆನ್ನೂರು

*

ನಮ್ಮದು ಹಾನಗಲ್ ತಾಲ್ಲೂಕಿನ ಸಣ್ಣ ಊರು. ಜಾತ್ರೆಗೆ ನಾಟಕ ಆಡುತ್ತೇವೆ, ಹೆಣ್ಣು ಪಾತ್ರಗಳಿಗೆ ಗದಗ, ಹುಬ್ಬಳ್ಳಿ ಕಡೆಯಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಈ ಸಲದ ನಾಟಕದಲ್ಲಿ ತಾಯಿ ಮೊದಲ ಅಂಕದಿಂದ ಕೊನೆಯವರೆಗೂ ಇದ್ದಾಳೆ. ಮಗನ ಕಪಾಳಕ್ಕೆ ಎರಡು ಬಾರಿ ಹೊಡೆಯುತ್ತಾಳೆ, ಒಂದು ಹಾಡು ಹಾಡುತ್ತಾಳೆ, ಸಾಲ ಕೊಟ್ಟವನಿಗೆ ಸುಳ್ಳು ಹೇಳಿ ಸಿಕ್ಕಿಬೀಳುತ್ತಾಳೆ. ಸಂಭಾವನೆ ಹೆಚ್ಚಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮಗನ ಪಾತ್ರ ನನ್ನದೇ, ಜೋರಾಗಿ ಹೊಡೆದರೂ ಅಡ್ಡಿಯಿಲ್ಲ. ತಾಲೀಮು ರಾತ್ರಿ ಒಂಬತ್ತರ ಮೇಲೆ, ಮೆಕ್ಕೆಜೋಳದ ಕೆಲಸ ಮುಗಿದ ನಂತರ. ನಿಮ್ಮ ಕರಾರಿನಲ್ಲಿ ಬೇರೆ ವಾಹಿನಿ ಎಂದಷ್ಟೇ ಇದೆಯಲ್ಲ, ನಮ್ಮ ಊರು ಯಾವ ವಾಹಿನಿಗೂ ಸೇರಿಲ್ಲ. ಹಾನಗಲ್ ಬಸ್ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ಬೈಕ್ ಕಳುಹಿಸುತ್ತೇವೆ.

– ರೈತ, ಹಾನಗಲ್ ತಾಲ್ಲೂಕು, ಹಾವೇರಿ ಜಿಲ್ಲೆ