ಶನಿವಾರ ಸರಿಯಾಗಿ ಸ್ಟಾರ್ಟ್ ಆಗುವ ಡಿಜಿ (ಡೀಸೆಲ್ ಜನರೇಟರ್), ಕರೆಂಟ್ ಹೋದ ದಿನ 12 ನಿಮಿಷಕ್ಕೆ ನಿಂತಿತು (ಪರಿಹಾರ ಸಿಕ್ಕಿದೆ)

ಹಾಲುಡೇರಿ_ಮಾಲೂರು:
ಎಲ್ಲರಿಗೂ ನಮಸ್ಕಾರ. ಮಾಲೂರು ತಾಲ್ಲೂಕಿನ ಒಂದು ಹಳ್ಳಿಯ ಡೇರಿಯಲ್ಲಿ ಬಲ್ಕ್ ಕೂಲರ್ (ಊರಿನ ಹಾಲನ್ನೆಲ್ಲ ತಣ್ಣಗಿಡುವ ಟ್ಯಾಂಕ್) ನೋಡಿಕೊಳ್ಳುತ್ತೇನೆ. 2000 ಲೀಟರ್ ಟ್ಯಾಂಕ್. ಅದಕ್ಕೆ 25 ಕೆವಿಎ ಡಿಜಿ ಇದೆ, ಒಂಬತ್ತು ವರ್ಷ ಹಳೆಯದು. ಗಂಟೆ ಮೀಟರಿನಲ್ಲಿ ಬರೀ 410 ಇದೆ.

ಪ್ರತಿ ಶನಿವಾರ ಬೆಳಗ್ಗೆ ಐದು ನಿಮಿಷ ಓಡಿಸಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಎರಡು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ. ಹೋದ ಮಂಗಳವಾರ ಸಂಜೆ ಹಾಲು ಅಳೆಯುವ ಹೊತ್ತಿಗೆ ಕರೆಂಟ್ ಹೋಯಿತು. ಡಿಜಿ ಮೊದಲ ಸಲಕ್ಕೇ ಹಿಡಿಯಿತು. ಕಂಪ್ರೆಸರ್ ಹಾಕಿದೆ. ಸುಮಾರು 12 ನಿಮಿಷಕ್ಕೆ ಸದ್ದು ಏರಿಳಿಯತೊಡಗಿತು, ಲೈಟು ಮಂಕಾಯಿತು, ಆಮೇಲೆ ನಿಂತೇ ಹೋಯಿತು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್! ಹತ್ತು ನಿಮಿಷಕ್ಕೆ ಮತ್ತೆ ಬಂದ್. ರಾತ್ರಿಯೆಲ್ಲ ಇದೇ ಕಥೆ. ಬೆಳಗ್ಗೆ ಟ್ಯಾಂಕರಿನವರು ಹಾಲು ಹುಳಿ ಅಂತ ವಾಪಸ್ ಮಾಡಿದರು.

ಒಂದೆರಡು ಹಸು ಕಟ್ಟಿಕೊಂಡು ಬದುಕುವವರ ಹಾಲು ಅದು. ದಿನಾ ಮೂರು ಲೀಟರ್ ತರುವ ಒಬ್ಬ ಅಜ್ಜಿಯ ಮುಖ ನೋಡಲು ನನಗೆ ಆಗಲಿಲ್ಲ. ಯಾರಾದರೂ ದಾರಿ ಹೇಳಿ.

ತುಮಕೂರು_ವೈಂಡಿಂಗ್:
ಲೈಟು ಮಂಕಾಯಿತು ಅಂದರೆ ಎವಿಆರ್ (ವೋಲ್ಟೇಜ್ ಒಂದೇ ಸಮ ಇಡುವ ಸರ್ಕ್ಯೂಟ್) ಮೇಲೆ ನನಗೆ ಅನುಮಾನ. ಬಿಸಿಯಾದ ಮೇಲೆ ಕೈಕೊಡುವ ಎವಿಆರ್ ಬೇಕಾದಷ್ಟು ನೋಡಿದ್ದೇನೆ. ಲೋಡ್ ಎಷ್ಟು ಆಂಪಿಯರ್? ನಿಲ್ಲುವ ಮುಂಚೆ ಹರ್ಟ್ಸ್ (ಎಂಜಿನ್ ವೇಗದ ಜೊತೆ ಏರಿಳಿಯುವ ಕರೆಂಟಿನ ಆವರ್ತನ) ಬಿತ್ತಾ, ವೋಲ್ಟೇಜ್ ಬಿತ್ತಾ? ಯಾವುದು ಮೊದಲು?

ಹಾಲುಡೇರಿ_ಮಾಲೂರು:
ಒಂದೊಂದು ಫೇಸಿಗೆ 19 ಆಂಪಿಯರ್ ಅಣ್ಣ. ಇವತ್ತು ಮತ್ತೆ ಓಡಿಸಿ ಮೀಟರ್ ನೋಡಿದೆ. ಮೊದಲು ಹರ್ಟ್ಸ್ 50ರಿಂದ 47ಕ್ಕೆ ಇಳಿಯಿತು, ಆಮೇಲೆ ವೋಲ್ಟೇಜ್. ಆಯಿಲ್ ಪ್ರೆಷರ್, ನೀರಿನ ಬಿಸಿ ಎರಡೂ ಸರಿ ಇವೆ. ಡೀಸೆಲ್ ಫಿಲ್ಟರ್ ಹೋದ ತಿಂಗಳು ತಾನೇ ಹೊಸದು ಹಾಕಿದ್ದು.

ಹಳೇ_ಡೀಸೆಲ್:
ಮೊದಲು ಹರ್ಟ್ಸ್ ಬಿತ್ತು ಅಂದರೆ ಎಂಜಿನ್ ಸೋತಿದೆ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅಲ್ಲ. ಎವಿಆರ್ ಬಿಚ್ಚಬೇಡಿ. ಡೀಸೆಲ್ ಸಾಲುತ್ತಿಲ್ಲ. ಬಿಟ್ಟು ನೋಡಿದರೆ ಮತ್ತೆ ಓಡುತ್ತದೆ ಎನ್ನುವುದೇ ದೊಡ್ಡ ಸುಳಿವು. ಒಂದು ಕೆಲಸ ಮಾಡಿ. ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ, ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಮುಚ್ಚಳ ತಿರುಗಿಸುವಾಗ ಕಿವಿ ಹತ್ತಿರ ಇಟ್ಟು ಕೇಳಿ. ಹಾಗೇ ಟ್ಯಾಂಕಿನ ತಳದ ನಲ್ಲಿಯಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಬಿಟ್ಟು ಹತ್ತು ನಿಮಿಷ ಬಿಸಿಲಿಗೆ ಹಿಡಿದು ನೋಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಎರಡು ವರ್ಷ ಮಾಡಿದ್ದು ಟೆಸ್ಟ್ ಅಲ್ಲ. ಎಂಜಿನ್ ಸ್ಟಾರ್ಟ್ ಆಗುತ್ತದೆ ಅಂತ ಮಾತ್ರ ಅದರಿಂದ ಗೊತ್ತಾಗಿದೆ. ನಾನು ಅಣು ವಿದ್ಯುತ್ ಸ್ಥಾವರದಲ್ಲಿ ಎಮರ್ಜೆನ್ಸಿ ಡಿಜಿಗಳ ಕೆಲಸ ಮಾಡಿ ನಿವೃತ್ತನಾದವನು, ಈಗ ಕೋಲಾರದಲ್ಲಿದ್ದೇನೆ. ರಿಯಾಕ್ಟರ್ ನಿಲ್ಲಿಸಿದರೂ ಒಳಗಿನ ಕಾವು ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಪೂರ್ತಿ ಶಾಖದ ಶೇಕಡ 6–7ರಷ್ಟು ಇನ್ನೂ ಬರುತ್ತಿರುತ್ತದೆ, ಮೆಲ್ಲಗೆ ಇಳಿಯುತ್ತದೆ. ಅಷ್ಟು ಹೊತ್ತೂ ಪಂಪು ಓಡಬೇಕು. ಹೊರಗಿನ ಲೈನ್ ಹೋದರೆ ಡಿಜಿಯೇ ಗತಿ. ಕರೆದ ಹಾಲಿನ ಬಿಸಿಯೂ ಹಾಗೇ ಅಲ್ವಾ, ಕರೆಂಟ್ ಹೋಯಿತು ಅಂತ ಕಾಯುವುದಿಲ್ಲ.

ಅದಕ್ಕೇ ಅಲ್ಲಿ ಸ್ಟಾರ್ಟ್ ಆಗುವುದು ಒಂದು ಲೆಕ್ಕ, ಲೋಡ್ ಹೊತ್ತು ಓಡುವುದು ಬೇರೆಯೇ ಲೆಕ್ಕ. ಅಮೆರಿಕದ ಸ್ಥಾವರಗಳ ವಾಡಿಕೆ ನೋಡಿ. ಸಾಮಾನ್ಯವಾಗಿ 31 ದಿನಕ್ಕೊಮ್ಮೆ, ಶೇಕಡ 90ರಿಂದ 100ರಷ್ಟು ಲೋಡಿನಲ್ಲಿ, ಕಡಿಮೆ ಅಂದರೂ 60 ನಿಮಿಷ ಓಡಿಸುತ್ತಾರೆ. ಒಂದೂವರೆ–ಎರಡು ವರ್ಷಕ್ಕೊಮ್ಮೆ 24 ಗಂಟೆ ಬಿಡದೆ ಓಡಿಸುತ್ತಾರೆ. ಎಂಜಿನ್ ಪಕ್ಕದ ಸಣ್ಣ ಡೀಸೆಲ್ ಟ್ಯಾಂಕಿನ (ಡೇ ಟ್ಯಾಂಕ್) ತಳದಲ್ಲಿ ನೀರು ನಿಂತಿದೆಯಾ ಅಂತ ನೋಡಿ ತೆಗೆಯುವುದಕ್ಕೂ ತಿಂಗಳ ಲೆಕ್ಕವೇ. ಸ್ಥಾವರದ ಕರೆಂಟ್ ಪೂರ್ತಿ ಹೋದರೆ ತಡೆದುಕೊಳ್ಳಬೇಕು ಅಂತ ಅಲ್ಲಿ 1988ರಲ್ಲಿ ಬಂದ ನಿಯಮದ ನಂತರ ಒಂದೊಂದು ಡಿಜಿಗೂ 0.95 ಅಥವಾ 0.975 ಅಂತ ಗುರಿ ಇಟ್ಟರು. 0.95 ಅಂದರೆ 100 ಸಲ ಕರೆದರೆ 95 ಸಲವಾದರೂ ಬಂದು ಲೋಡ್ ಹೊರಬೇಕು. ಸುಮ್ನೆ ತಿರುಗಿದ್ದು ಆ 95ರಲ್ಲಿ ಸೇರುವುದಿಲ್ಲ.

ಹಾಲುಡೇರಿ_ಮಾಲೂರು:
ಸಾರ್, ಸಿಕ್ಕಿತು! ಮುಚ್ಚಳ ತಿರುಗಿಸಿದಾಗ "ಸುಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡಿತು. ಸಡಿಲ ಬಿಟ್ಟು ಓಡಿಸಿದೆ, 40 ನಿಮಿಷ ಒಂದೇ ಸದ್ದು. ಆಮೇಲೆ ಟ್ಯಾಂಕಿಗೆ ಹೊರಗಿನ ಗಾಳಿ ಬಿಡುವ ಕೊಳವೆ ಬಿಚ್ಚಿದೆ. ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿದೆ, ಒಳ್ಳೆ ಸಿಮೆಂಟ್ ಮೆತ್ತಿದ ಹಾಗೆ. ಸ್ಪೋಕ್ ಕಡ್ಡಿಯಲ್ಲಿ ಕೆದಕಿದರೆ ಒಣಗಿದ ಹುಳಗಳೂ ಉದುರಿದವು.

ಬಾಟಲಿಯ ತಳದಲ್ಲಿ ಒಂದು ಬೆರಳಗಲ ನೀರು, ಅದರ ಮೇಲೆ ಕಂದು ಲೋಳೆ. ಫಿಲ್ಟರ್ ಹೊಸದಿದ್ದರೂ ಇದು ಇತ್ತಲ್ಲ! ಒಂದು ಅರ್ಥವಾಗುತ್ತಿಲ್ಲ. ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ? ನಾನು ಟ್ಯಾಂಕ್ ಯಾವಾಗಲೂ ಕಂಠದವರೆಗೆ ತುಂಬಿಸಿ ಇಡುತ್ತೇನೆ.

ಹಳೇ_ಡೀಸೆಲ್:
ಕಂಠದವರೆಗೆ ತುಂಬಿಸಿದ್ದಕ್ಕೇ ಬೇಗ ನಿಂತಿದೆ. ಡೀಸೆಲ್ ಮೇಲೆ ಇದ್ದ ಗಾಳಿ ಬೆರಳೆಣಿಕೆ ಲೀಟರ್. ಲೋಡಿನಲ್ಲಿ ಒಂದು ಲೀಟರ್ ಖರ್ಚಾದರೆ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು, ದಾರಿ ಇಲ್ಲ. ಒಳಗೆ ಎಳೆತ ಹುಟ್ಟಿ ಪಂಪಿಗೆ ಡೀಸೆಲ್ ಎತ್ತಲು ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಮುಚ್ಚಳದ ಸಂದಿಯಿಂದ ಗಾಳಿ ಮೆಲ್ಲಗೆ ಸೋರಿ ಒಳಗೆ ಹೋಗುತ್ತದೆ, ಅದಕ್ಕೇ ಮತ್ತೆ ಸ್ಟಾರ್ಟ್. ನಿಮ್ಮ ಶನಿವಾರದ ಐದು ನಿಮಿಷಕ್ಕೆ, ಅದೂ ಲೋಡ್ ಇಲ್ಲದೆ, ಒಂದು ಲೋಟ ಡೀಸೆಲ್ಲೂ ಖರ್ಚಾಗಿರುವುದಿಲ್ಲ.

ಟ್ಯಾಂಕ್ ತುಂಬಿಸಿ ಇಡುವ ಅಭ್ಯಾಸ ಬಿಡಬೇಡಿ, ಖಾಲಿ ಜಾಗದಲ್ಲಿ ತೇವ ಕಟ್ಟುತ್ತದೆ. ಲೋಳೆ ಬಂದಿದೆ ಅಂದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಫಿಲ್ಟರ್ ಮತ್ತೆ ಹೊಸದು ಹಾಕಿ.

ತುಮಕೂರು_ವೈಂಡಿಂಗ್:
ನನ್ನ ಊಹೆ ತಪ್ಪಾಗಿತ್ತು, ಒಳ್ಳೆಯದೇ ಆಯಿತು. ಸೈಲೆನ್ಸರ್ ಜಾಯಿಂಟ್ ನೋಡಿ ಸ್ವಲ್ಪ. ಲೋಡ್ ಇಲ್ಲದೆ ಓಡಿಸಿದ ಡಿಜಿಗಳಲ್ಲಿ ಉರಿಯದ ಡೀಸೆಲ್ ಕರಿ ಎಣ್ಣೆಯಾಗಿ ಜಿನುಗುತ್ತದೆ. ಒಳ್ಳೆ ಲೋಡಿನಲ್ಲಿ ಕಾಯಿಸಿದರೆ ಸುಟ್ಟು ಹೋಗುತ್ತದೆ.

ಹಾಲುಡೇರಿ_ಮಾಲೂರು:
ಹೌದಣ್ಣ, ಜಿನುಗುತ್ತಿದೆ. ಗ್ರೀಸ್ ಅಂದುಕೊಂಡಿದ್ದೆ. ಸಾರ್, ಹಾಗಾದರೆ ದಿನಾ ಲೋಡಿನಲ್ಲಿ ಓಡಿಸಲಾ? ಇನ್ನೊಂದು ಡಿಜಿ ತರಿಸಿ ಅಂತಲೂ ಕಮಿಟಿಯಲ್ಲಿ ಹೇಳುತ್ತಿದ್ದಾರೆ.

ಹಳೇ_ಡೀಸೆಲ್:
ದಿನಾ ಬೇಡ. ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ತಣ್ಣಗಿನ ಎಂಜಿನನ್ನು ಪದೇ ಪದೇ ಒಂದೇ ಏಟಿಗೆ ಪೂರ್ತಿ ವೇಗಕ್ಕೆ ಎಬ್ಬಿಸಿ ಟೆಸ್ಟ್ ಮಾಡುತ್ತಿದ್ದರು. ಆ ಟೆಸ್ಟಿನಿಂದಲೇ ಎಂಜಿನ್ ಸವೆಯಿತು. 1984ರಲ್ಲಿ ಅಲ್ಲಿನ ನಿಯಂತ್ರಕರು ಅಂಥ ಸ್ಟಾರ್ಟ್ ಕಡಿಮೆ ಮಾಡಿ ಎಂದು ಬರೆದರು. ಸ್ಥಾವರದ ಡಿಜಿಯಲ್ಲಿ ನೀರನ್ನೂ ಆಯಿಲನ್ನೂ ಯಾವಾಗಲೂ ಬೆಚ್ಚಗೆ ಇಟ್ಟಿರುತ್ತಾರೆ. ನೀವು ತಿಂಗಳಿಗೊಮ್ಮೆ ಮಾಡಿ, ಆದರೆ ಪೂರ್ತಿ ಮಾಡಿ. ಕರೆಂಟ್ ಇರುವ ದಿನ, ಸಂಜೆ ಹಾಲು ತುಂಬಿದ ಮೇಲೆ ಮೇನ್ ಸ್ವಿಚ್ ಇಳಿಸಿ. ನಿಜವಾದ ಲೋಡ್ ಅದೇ. ಕೈಕೊಟ್ಟರೆ ಮೇನ್ ಮತ್ತೆ ಏರಿಸಿದರಾಯಿತು, ಒಂದು ತೊಟ್ಟು ಹಾಲೂ ಕೆಡುವುದಿಲ್ಲ.

ಎರಡನೇ ಡಿಜಿ ತರುವುದಾದರೆ ಅದೇ ಟ್ಯಾಂಕಿಗೆ, ಅದೇ ಬ್ಯಾಟರಿಗೆ ಜೋಡಿಸಬೇಡಿ. ಒಂದು ಕಣಜ ಎರಡನ್ನೂ ನಿಲ್ಲಿಸುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದೈಇಚಿ ಅಣು ಸ್ಥಾವರದಲ್ಲಿ ಭೂಕಂಪ ಆದಾಗ ಡಿಜಿಗಳು ಸರಿಯಾಗೇ ಎದ್ದವು. ಮುಕ್ಕಾಲು ಗಂಟೆ ದಾಟಿದ ಮೇಲೆ ಸುನಾಮಿ ನೀರು ನುಗ್ಗಿತು. ಕರೆಂಟ್ ಕೊಡುತ್ತಾ ಉಳಿದದ್ದು 6ನೇ ಘಟಕದ ಒಂದೇ ಒಂದು. ಅದು ಎತ್ತರದಲ್ಲಿತ್ತು, ಗಾಳಿಯಿಂದ ತಣ್ಣಗಾಗುವ ಎಂಜಿನ್. 5 ಮತ್ತು 6ನೇ ಘಟಕ ಎರಡನ್ನೂ ಅದು ಕಾಪಾಡಿತು. ನಮ್ಮ ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಬೆಂಕಿಗೆ ಕೇಬಲ್ ಸುಟ್ಟು 17 ಗಂಟೆ ಕರೆಂಟೇ ಇರಲಿಲ್ಲ. ಅಲ್ಲಿನ ಸಿಬ್ಬಂದಿ ಕರೆಂಟ್ ಬೇಡದ, ನೇರ ಡೀಸೆಲ್ಲಿನಲ್ಲಿ ಓಡುವ ಬೆಂಕಿ ಆರಿಸುವ ಪಂಪಿನಿಂದ ನೀರು ಕೊಟ್ಟು ರಿಯಾಕ್ಟರ್ ತಣ್ಣಗಿಟ್ಟರು. ಆ ರಾತ್ರಿಯ ವಿಷಯ ಓದಿದಾಗಲೆಲ್ಲ ಅವರ ಮೇಲೆ ಗೌರವ ಉಕ್ಕುತ್ತದೆ. ನಿಮಗೂ ಅಂಥ ಬೇರೆಯೇ ದಾರಿ ಒಂದಿರಲಿ. ಡಿಜಿ ನಿಂತರೆ ಎಷ್ಟು ಹೊತ್ತಿಗೆ ಪಕ್ಕದ ಕೂಲರಿಗೆ ಹಾಲು ಸಾಗಿಸಬೇಕು, ಗಾಡಿ ಯಾರದು ಅಂತ ಇವತ್ತೇ ಮಾತಾಡಿ ಗೋಡೆ ಮೇಲೆ ಬರೆದಿಡಿ.

ಹಾಲುಡೇರಿ_ಮಾಲೂರು:
ಟ್ಯಾಂಕ್ ತೊಳೆದೆವು, ಕೊಳವೆ ಬಾಯಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಕಟ್ಟಿದೆ. ಹೊಸ ಫಿಲ್ಟರ್ ಮೇಲೆ ತಾರೀಖು ಬರೆದಿದ್ದೇನೆ. ನಿನ್ನೆ ಸಂಜೆ 1350 ಲೀಟರ್ ಹಾಲಿದ್ದಾಗ ಮೇನ್ ಇಳಿಸಿದೆ. ಮೊದಲ ಕಾಲು ಗಂಟೆ ಸೈಲೆನ್ಸರಿನಿಂದ ದಟ್ಟ ಕರಿ ಹೊಗೆ, ಆಮೇಲೆ ತಿಳಿಯಾಯಿತು. 2 ಗಂಟೆ 10 ನಿಮಿಷ ಓಡಿತು, ಹರ್ಟ್ಸ್ 50 ಬಿಟ್ಟು ಅಲುಗಲಿಲ್ಲ. ಹಾಲು 4 ಡಿಗ್ರಿಗೆ ಬಂದ ಮೇಲೆ ನಿಲ್ಲಿಸಿದೆ. ರಿಜಿಸ್ಟರಿನಲ್ಲಿ ಲೋಡ್, ಓಡಿದ ನಿಮಿಷ, ತಳದ ನೀರು ಅಂತ ಮೂರು ಹೊಸ ಕಾಲಂ ಗೀಚಿದ್ದೇನೆ. ಪಕ್ಕದ ಊರಿನ ಡೇರಿಯವರ ಕೊಳವೆಯಲ್ಲೂ ಅರ್ಧ ಗೂಡು ಸಿಕ್ಕಿತು ಸಾರ್.