ಆಲೆಮನೆ ನಡೆಸಿದ ಅಪ್ಪನಿಗೆ 68ರಲ್ಲಿ ಶುಗರ್, ನಾವೂ ಟೆಸ್ಟ್ ಮಾಡಿಸಬೇಕಾ?

ಪಾಂಡವಪುರದವನು:
ಅಪ್ಪನಿಗೆ 68. ಮೂವತ್ತು ವರ್ಷ ಆಲೆಮನೆ ನಡೆಸಿದವರು. ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳದ ದಿನವೇ ಇರಲಿಲ್ಲ, ಆಗ ಏನೂ ಆಗಲಿಲ್ಲ. ಐದು ವರ್ಷದ ಹಿಂದೆ ಮಂಡಿ ನೋವು ಅಂತ ಗದ್ದೆ ಕೆಲಸ ಬಿಟ್ಟರು. ಆಮೇಲೆ ಜಗಲಿ, ಟಿವಿ, ಮತ್ತೆ ಜಗಲಿ.

ಕಳೆದ ತಿಂಗಳು ಬರಿಗಾಲಲ್ಲಿ ಕಬ್ಬಿನ ಗದ್ದೆಗೆ ಹೋಗಿ ಬಂದರು. ಸಂಜೆ ಕಾಲು ತೊಳೆಯುವಾಗ ಅಮ್ಮ ನೋಡಿದ್ದು: ಅಂಗಾಲಿಗೆ ಕೂಳೆ ಚುಚ್ಚಿ, ರಕ್ತ ಒಣಗಿ ಮಣ್ಣಿನ ಜೊತೆ ಅಂಟಿಕೊಂಡಿತ್ತು. ಅಪ್ಪನಿಗೆ ನೋವೇ ಗೊತ್ತಾಗಿಲ್ಲ! ಅರಿಶಿನ ಹಚ್ಚಿದೆವು, ಮೂರು ವಾರವಾದರೂ ಮಾಯಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಖಾಲಿ ಹೊಟ್ಟೆಯಲ್ಲಿ ಶುಗರ್ 212, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತ ಪರೀಕ್ಷೆ) 9.4.

ತೆಳ್ಳಗಿರುವ ಮನುಷ್ಯ, ಹೇಗೆ ಬಂತು? ಬೆಲ್ಲದ್ದೇ ಕೆಲಸ ಅಂತ ಅಮ್ಮ. ನನಗೆ 41, ತಮ್ಮನಿಗೆ 37.

ಕುವೆಂಪುನಗರದ ಲ್ಯಾಬ್ ಅಕ್ಕ:
ಮೈಸೂರಿನಲ್ಲಿ 26 ವರ್ಷ ರಕ್ತ ತೆಗೆದವಳು ನಾನು. "ಈಗ ಬಂತು" ಅನ್ನಬೇಡಪ್ಪ. ಕಾಲು ಜೋಮು ಹಿಡಿದು ನೋವೇ ಗೊತ್ತಾಗಲಿಲ್ಲ ಅಂದರೆ ಎಷ್ಟೋ ವರ್ಷದಿಂದ ಒಳಗೇ ಇತ್ತು ಅಂತ ಲೆಕ್ಕ. ನಮ್ಮ ದೇಶದಲ್ಲಿ 45 ದಾಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಶುಗರ್ ಇದೆ. ಇರುವವರಲ್ಲೂ ಹತ್ತರಲ್ಲಿ ನಾಲ್ಕು ಜನಕ್ಕೆ ಅದು ಗೊತ್ತೇ ಇಲ್ಲ. ನನ್ನ ಹತ್ತಿರ ಕಣ್ಣಿನ ಆಪರೇಷನ್‌ಗೆ ಅಂತ ರಕ್ತ ಕೊಡಲು ಬಂದು, ಶುಗರ್ ಚೀಟಿ ಹಿಡಿದು ಹೋದವರು ಎಷ್ಟು ಜನ!

ಬೆಲ್ಲವೊಂದನ್ನೇ ಬೈದು ಪ್ರಯೋಜನವಿಲ್ಲ. ವಯಸ್ಸು, ಮೈ ಬಗ್ಗಿಸದೆ ಕೂರುವುದು, ಮನೆತನದಲ್ಲಿ ಇರುವುದು, ಬಿಪಿ, ಹೊಟ್ಟೆಯ ಬೊಜ್ಜು, ಎಲ್ಲ ಸೇರುತ್ತೆ. ತೆಳ್ಳಗೆ ಅಂದೆಯಲ್ಲ, ಟೇಪ್ ಹಿಡಿದು ನೋಡು. ನಮ್ಮ ಜನಕ್ಕೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ. ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಆದರೆ ಹುಷಾರು. ನೀವಿಬ್ಬರೂ ಟೆಸ್ಟ್ ಮಾಡಿಸಲೇಬೇಕು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಇನ್ನೂ ಅಂಚಿನಲ್ಲಿದ್ದೀರಿ, 6.5 ಆದರೆ ಶುಗರ್. ಅಪ್ಪನ ಕಾಲು ದಿನಾ ನೋಡು, ಬರಿಗಾಲು ಇನ್ನು ಬೇಡ.

ಮದ್ದೂರು ಮಾವ:
ಅನ್ನ ಬಿಟ್ಟು ಮುದ್ದೆ ತಿನ್ನಿ ಅಂತ ಎಲ್ಲರೂ ಹೇಳ್ತಾರೆ. ನಾನೂ ಹಾಗೇ ಅಂದುಕೊಂಡು ಹೊತ್ತಿಗೆ ಎರಡು ದಪ್ಪ ಮುದ್ದೆ ಇಳಿಸುತ್ತಿದ್ದೆ. ಶುಗರ್ ಜಪ್ಪಯ್ಯ ಅನ್ನಲಿಲ್ಲ. ರಾಗಿಯೂ ಹಿಟ್ಟೇ ಅಲ್ವಾ! ಈಗ ಒಂದೇ ಮುದ್ದೆ, ಬಸ್ಸಾರು, ತಟ್ಟೆ ತುಂಬ ಸೊಪ್ಪಿನ ಪಲ್ಯ. ಊಟ ಆದಮೇಲೆ ನಾಲೆ ಏರಿ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಮಾತ್ರೆಯೂ ಇದೆ, ಬಿಟ್ಟಿಲ್ಲ. ಯಾರೋ ಹೇಳಿದರು ಅಂತ ಹಾಗಲಕಾಯಿ ರಸ ನಂಬಿ ಮಾತ್ರೆ ಬಿಡಿಸಬೇಡಿ.

ಪಾಂಡವಪುರದವನು:
ಅಕ್ಕ, ಟೈಲರ್ ಟೇಪ್ ತಂದು ಅಳೆದೆ. ತೆಳ್ಳಗಿನ ಅಪ್ಪ 97! ನಾನು 94, ತಮ್ಮ 91. ಇಬ್ಬರೂ ಸೋಮವಾರ ಖಾಲಿ ಹೊಟ್ಟೆಯಲ್ಲಿ ಹೋಗುತ್ತಿದ್ದೇವೆ. ಅಮ್ಮ ಟೇಪ್ ನೋಡಿ ಹಿತ್ತಲಿಗೆ ಹೋದವರು ಇನ್ನೂ ಒಳಗೆ ಬಂದಿಲ್ಲ.